ಬ್ಯಾಟರಿ ಹೊಸದು, ಆದರೆ ಕಾರು ಪಾಠ ಮರೆತಿದೆ

ಹೊಳಲ್ಕೆರೆ ಕಡೆ ಇರುವ ನಮ್ಮ ಚಿಕ್ಕಪ್ಪನ ಹತ್ತಿರ ಹಳೆಯ ಪೆಟ್ರೋಲ್ ಕಾರೊಂದಿದೆ. ಊರಿನ ಹಿರಿಯರೊಬ್ಬರನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಚಿತ್ರದುರ್ಗಕ್ಕೆ ಕರೆದೊಯ್ಯುವುದು ಅದೇ ಕಾರು. ಹೋದ ತಿಂಗಳು ಬ್ಯಾಟರಿ ಡೌನ್ ಆಯಿತು, ಹೊಸದು ಹಾಕಿಸಿದರು. ಸೆಲ್ಫ್ ಒಂದೇ ಏಟಿಗೆ ಹಿಡಿಯಿತು. ಆದರೆ ಹಂಪ್ ಬಂತೆಂದು ಕ್ಲಚ್ ಒತ್ತಿದರೆ ಇಂಜಿನ್ ಆಫ್. ಎಸಿ ಹಾಕಿದರೆ ಇಡೀ ಗಾಡಿ ನಡುಗುತ್ತದೆ.

ಒಬ್ಬ ಮೆಕ್ಯಾನಿಕ್ ಬ್ಯಾಟರಿಯೇ ಸರಿಯಿಲ್ಲ ಅಂದ. ಇನ್ನೊಬ್ಬ ಥ್ರಾಟಲ್ ಬಾಡಿ ಬದಲಿಸಬೇಕು, ಹದಿನೈದು ಸಾವಿರ ಆಗಬಹುದು ಅಂದ. ಚಿಕ್ಕಪ್ಪ ನನಗೆ ಫೋನ್ ಮಾಡಿದರು: "ನೀನು ಪೇಪರ್‌ನವನಲ್ವೇನೋ, ಸ್ವಲ್ಪ ವಿಚಾರಿಸು. ನಾಳಿದ್ದು ಅವರನ್ನ ಕರ್ಕೊಂಡು ಹೋಗ್ಲೇಬೇಕು."

ವಿಚಾರಿಸುತ್ತಾ ಹೋದರೆ ವಿಷಯ ನೂರು ವರ್ಷಕ್ಕಿಂತ ಹಿಂದಕ್ಕೆ ಹೋಯಿತು.

ನಮ್ಮ ಕಾರುಗಳಲ್ಲಿರುವ ಸೀಸ–ಆಸಿಡ್ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಕಂಡುಹಿಡಿದದ್ದು 1859ರಲ್ಲಿ. ಆದರೂ ಪೆಟ್ರೋಲ್ ಕಾರಿಗೆ ಬಹಳ ಕಾಲ ಅದು ಇಲ್ಲದೆಯೂ ನಡೆಯುತ್ತಿತ್ತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರು ಕಿಡಿಗೆ ಬೇಕಾದ ಕರೆಂಟನ್ನು ಫ್ಲೈವೀಲ್‌ನಲ್ಲಿದ್ದ ಮ್ಯಾಗ್ನೆಟೊದಿಂದ ತಾನೇ ಮಾಡಿಕೊಳ್ಳುತ್ತಿತ್ತು. ಸ್ಟಾರ್ಟ್ ಮಾಡಲು ಮುಂದೆ ನಿಂತು ಹ್ಯಾಂಡಲ್ ತಿರುವಬೇಕು. ಅದು ಒಮ್ಮೊಮ್ಮೆ ಹಿಂದಕ್ಕೆ ಒದ್ದು ಕೈ ಮುರಿಯುತ್ತಿತ್ತು.

ಈ ಕಷ್ಟ ತಪ್ಪಿಸಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವನು ಮೊದಲು ಅಂಗಡಿಗಳ ಕ್ಯಾಷ್ ರಿಜಿಸ್ಟರ್‌ಗೆ ಕರೆಂಟ್ ಮೋಟರ್ ಕೂರಿಸಿದ್ದ. ಗಲ್ಲಾಪೆಟ್ಟಿಗೆ ತೆರೆಯಲು ಒಂದು ಕ್ಷಣದ ಜೋರು ಸಾಕು, ದಿನವಿಡೀ ತಿರುಗುವ ದೊಡ್ಡ ಮೋಟರ್ ಬೇಡ. ಇಂಜಿನ್ ಎಬ್ಬಿಸಲೂ ಅಷ್ಟೇ ತಾನೇ? 1912ರ ಕ್ಯಾಡಿಲಾಕ್ ಕಾರಿನಲ್ಲಿ ಅವನ ಸೆಲ್ಫ್ ಸ್ಟಾರ್ಟರ್ ಬಂತು. ಅಲ್ಲಿಂದ ಕಾರಿಗೆ ಬ್ಯಾಟರಿ ಅಂಟಿಕೊಂಡಿತು. ಅದರ ಕೆಲಸ ಇಂಜಿನ್ ಎಬ್ಬಿಸುವುದು, ಕಿಡಿ ಕೊಡುವುದು, ಲೈಟು ಉರಿಸುವುದು. ಮೊದಲು ಹೆಚ್ಚಿನವು 6 ವೋಲ್ಟ್. 1950ರ ದಶಕದಲ್ಲಿ 12 ವೋಲ್ಟ್ ರೂಢಿಗೆ ಬಂತು.

ನಮ್ಮ ಹಿರಿಯ ಮೆಕ್ಯಾನಿಕ್‌ಗಳು ಕಲಿತದ್ದು ಈ ಕಾಲದ ವಿದ್ಯೆ. ಹಳೆಯ ಡೀಸೆಲ್ ಜೀಪು ಒಮ್ಮೆ ಹತ್ತಿಕೊಂಡರೆ ಬ್ಯಾಟರಿಯ ಹಂಗಿಲ್ಲದೆ ಓಡುತ್ತಿತ್ತು. ಇಳಿಜಾರಿನಲ್ಲಿ ನಿಲ್ಲಿಸಿದರಾಯಿತು, ಬೆಳಿಗ್ಗೆ ನಾಲ್ಕು ಜನ ತಳ್ಳಿದರೆ ಮುಗಿಯಿತು. ಡೈನಮೊ ಚಾರ್ಜ್ ಮಾಡುತ್ತಿದೆಯೇ ಎಂದು ನೋಡಲು ಇಂಜಿನ್ ಓಡುತ್ತಿರುವಾಗಲೇ ಟರ್ಮಿನಲ್ ಕಳಚುತ್ತಿದ್ದರು. ಹಾಳಾಗುವಂಥ ನಾಜೂಕಿನ ವಸ್ತು ಗಾಡಿಯಲ್ಲಿ ಹೆಚ್ಚೇನೂ ಇರಲಿಲ್ಲ, ನಡೆಯುತ್ತಿತ್ತು.

1960ರಲ್ಲಿ ಕ್ರೈಸ್ಲರ್ ಕಂಪನಿಯ ವ್ಯಾಲಿಯಂಟ್ ಕಾರು ಡೈನಮೊ ಜಾಗಕ್ಕೆ ಆಲ್ಟರ್ನೇಟರ್ ತಂದಿತು. ಅದರೊಳಗೆ ಡಯೋಡ್‌ಗಳು. ಬ್ಯಾಟರಿ ಉಲ್ಟಾ ಕೊಟ್ಟರೆ ಅವು ಸುಟ್ಟವೆಂದೇ ಲೆಕ್ಕ. ಮುಂದೆ 1967ರಲ್ಲಿ ಬಾಷ್ ಕಂಪನಿ ಫೋಕ್ಸ್‌ವ್ಯಾಗನ್ ಕಾರಿಗೆ ಎಲೆಕ್ಟ್ರಾನಿಕ್ ಇಂಜೆಕ್ಷನ್ ಕೊಟ್ಟಿತು. 1976ರಲ್ಲಿ ವೋಲ್ವೊ ಕಾರಿನಲ್ಲಿ ಹೊಗೆಯೊಳಗಿನ ಆಮ್ಲಜನಕ ಅಳೆಯುವ ಸೆನ್ಸರ್ ಬಂತು. ಇದನ್ನೆಲ್ಲ ಲೆಕ್ಕ ಹಾಕಲು ಗಾಡಿಯಲ್ಲೊಂದು ಪುಟ್ಟ ಕಂಪ್ಯೂಟರ್ ಕೂತಿತು. ಅದೇ ಇಸಿಯು.

ನಮ್ಮಲ್ಲಿ 1983ರಲ್ಲಿ ಬಂದ ಮಾರುತಿ 800 ಕಾರ್ಬೊರೇಟರ್ ಗಾಡಿ. 2000ದಿಂದ ದೇಶದಲ್ಲಿ ಹೊಗೆಯ ನಿಯಮ ಬಿಗಿಯಾಯಿತು, ಕಾರ್ಬೊರೇಟರ್ ಹೋಗಿ ಎಂಪಿಎಫ್‌ಐ ಬಂತು. ಚಿಕ್ಕಪ್ಪನ ಕಾರಿನ ಗುಟ್ಟು ಇರುವುದು ಇಲ್ಲೇ.

ಕಾರ್ಬೊರೇಟರ್‌ನಲ್ಲಿ ಐಡ್ಲಿಂಗ್ ಎಷ್ಟಿರಬೇಕು ಅನ್ನುವುದು ಒಂದು ಸ್ಕ್ರೂನಲ್ಲಿತ್ತು. ಬ್ಯಾಟರಿ ಬಿಚ್ಚಿದರೆ ಸ್ಕ್ರೂ ತಾನಾಗಿ ತಿರುಗುವುದಿಲ್ಲವಲ್ಲ. ಇಂಜೆಕ್ಷನ್ ಗಾಡಿಯಲ್ಲಿ ಆ ಲೆಕ್ಕ ಇಸಿಯು ನೆನಪಿನಲ್ಲಿದೆ. ವರ್ಷಗಳು ಕಳೆದಂತೆ ಥ್ರಾಟಲ್ ಬಾಡಿಯಲ್ಲಿ ಕರಿ ಕಟ್ಟಿ ಗಾಳಿಯ ದಾರಿ ಕಿರಿದಾಗುತ್ತದೆ. ಇಸಿಯು ಅದಕ್ಕೆ ತಕ್ಕಂತೆ ದಾರಿಯನ್ನು ಚೂರು ಚೂರೇ ಹೆಚ್ಚು ತೆರೆಯುತ್ತಾ ಕಲಿಯುತ್ತದೆ. ಹಲವು ಕಾರುಗಳಲ್ಲಿ ಬ್ಯಾಟರಿ ತೆಗೆದ ಕೂಡಲೇ ಆ ಪಾಠ ಅಳಿಸಿಹೋಗುತ್ತದೆ. ಫ್ಯಾಕ್ಟರಿಯಿಂದ ಬಂದ ದಿನದ ಲೆಕ್ಕ ಮಾತ್ರ ಉಳಿಯುತ್ತದೆ. ಆದರೆ ಕರಿ ಹಾಗೇ ಇದೆಯಲ್ಲ! ಗಾಳಿ ಸಾಲದೆ ಇಂಜಿನ್ ಸಾಯುತ್ತದೆ.

ಮೊದಲು ಟರ್ಮಿನಲ್ ಬಿಗಿ ಮಾಡಿಸಿ, ಬಿಳಿ ಪುಡಿ ಕೂತಿದ್ದರೆ ಉಜ್ಜಿಸಿದೆವು. ಬಾಡಿಗೆ ಹೋಗುವ ಅರ್ಥ್ ವೈರ್ ನೋಡಿದೆವು. ಇಂಜಿನ್ ನಿಲ್ಲಿಸಿದಾಗ ಮೀಟರ್ 12.6 ವೋಲ್ಟ್ ತೋರಿಸಿತು, ಓಡುವಾಗ 14ರ ಆಸುಪಾಸು. ಅಂದರೆ ಬ್ಯಾಟರಿಯೂ ಸರಿ, ಚಾರ್ಜಿಂಗೂ ಸರಿ. ಆಮೇಲೆ ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿದೆವು. ಎಸಿ, ಲೈಟು ಎಲ್ಲ ಆಫ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ, ಇಂಜಿನ್ ಬಿಸಿಯಾಗುವವರೆಗೆ ಸುಮ್ಮನೆ ಓಡಲು ಬಿಟ್ಟೆವು. ನಂತರ ಎಸಿ ಹಾಕಿ ಇನ್ನೊಂದಷ್ಟು ಹೊತ್ತು. ಕೊನೆಗೆ ಇಪ್ಪತ್ತು ಕಿಲೋಮೀಟರ್ ಓಡಿಸಿದೆವು. ಹೊಳಲ್ಕೆರೆ ಹಂಪ್‌ಗಳಲ್ಲಿ ಇಂಜಿನ್ ನಿಲ್ಲಲಿಲ್ಲ. ಕೆಲವು ಕಾರುಗಳಿಗೆ ಇಷ್ಟೇ ಸಾಲದು, ಸ್ಕ್ಯಾನರ್ ಹಾಕಿಯೇ ಪಾಠ ಹೇಳಿಸಬೇಕು. ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ.

ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಪ್ಲಸ್ ಮೊದಲು. ಇಂಜಿನ್ ಓಡುವಾಗ ಟರ್ಮಿನಲ್ ಕಳಚುತ್ತೇನೆ ಅಂದವರ ಕೈಯನ್ನು ಮಾತ್ರ ದಯವಿಟ್ಟು ಹಿಡಿದುಕೊಳ್ಳಿ. ಬ್ಯಾಟರಿಯ ಆಸರೆ ತಪ್ಪಿದರೆ ಆಲ್ಟರ್ನೇಟರ್‌ನಿಂದ ವೋಲ್ಟೇಜ್ ಒಮ್ಮೆಲೇ ಮೇಲೇರಿ ಇಸಿಯು ಸುಡಬಹುದು. ಜೀಪಿನ ಕಾಲದಲ್ಲಿ ನಡೆದದ್ದು ಇಲ್ಲಿ ನಡೆಯುವುದಿಲ್ಲ.

ಆ ಹಿರಿಯರು ಹೇಳಿದ ದಿನಕ್ಕೇ ಚಿತ್ರದುರ್ಗಕ್ಕೆ ಹೋಗಿ ಬಂದರು. ಗಡಿಯಾರ ಮಾತ್ರ ಇನ್ನೂ ತಪ್ಪು ಟೈಮ್ ತೋರಿಸುತ್ತಿದೆ. ಅದನ್ನು ಸೆಟ್ ಮಾಡುವುದು ಚಿಕ್ಕಪ್ಪನಿಗೂ ಬರುವುದಿಲ್ಲ, ನನಗೂ ಬರಲಿಲ್ಲ.