ಗಾಡಿಯ ಮೂರು ಬಹುವಚನಗಳು

ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ಗ್ರಂಥ ‘ಪೆರಿಪ್ಲಸ್’ ಪೂರ್ವ ಆಫ್ರಿಕದ ಕರಾವಳಿಯನ್ನು ವರ್ಣಿಸುತ್ತದೆ. ನಮ್ಮ ಕಲ್ಯಾಣವನ್ನೂ ‘ಕಲ್ಲಿಯೆನ’ ಎಂದು ಹೆಸರಿಸುತ್ತದೆ. ಕಡಲ ವ್ಯಾಪಾರದಲ್ಲಿ ಸರಕಿನೊಡನೆ ಪದಗಳೂ ದಡ ದಾಟುತ್ತವೆ. ಆ ಕರಾವಳಿಯಲ್ಲಿ ಮುಂದೆ ಬೆಳೆದ ಸ್ವಾಹಿಲಿ ಭಾಷೆ ಪರದೇಶದ ಪದಗಳನ್ನು ಬರಮಾಡಿಕೊಂಡ ರೀತಿ ಗಮನಾರ್ಹ.

ಸ್ವಾಹಿಲಿಯ ನಾಮಪದಗಳಲ್ಲಿ ಹಲವು ವರ್ಗಗಳಿವೆ. ವಚನವನ್ನು ಸಾಮಾನ್ಯವಾಗಿ ಪದದ ಆದಿಯೇ ತಿಳಿಸುತ್ತದೆ. ‘ಕಿಸು’ ಎಂದರೆ ಚಾಕು, ‘ವಿಸು’ ಎಂದರೆ ಚಾಕುಗಳು. ಅರಬ್ಬಿಯ ‘ಕಿತಾಬ್’ ಅಲ್ಲಿ ‘ಕಿತಾಬು’ ಆಯಿತು. ಅದರ ‘ಕಿ’ ಮೂಲಪದದ ಅಂಗವೇ ಹೊರತು ಪ್ರತ್ಯಯವಲ್ಲ. ಆದರೂ ಸ್ವಾಹಿಲಿ ಅದನ್ನು ತನ್ನದೇ ಪ್ರತ್ಯಯವೆಂದು ಎಣಿಸಿ, ಅರಬ್ಬಿಯ ಬಹುವಚನ ‘ಕುತುಬ್’ ಅನ್ನು ಬಿಟ್ಟು, ‘ವಿತಾಬು’ ಎಂದಿತು. ಭಾರತದಿಂದ ಹೋದ ‘ಗಾಡಿ’ ಅಲ್ಲಿ ‘ಗಾರಿ’. ಇನ್ನೊಂದು ವರ್ಗ ಸೇರಿ ಅದರ ಬಹುವಚನ ‘ಮಗಾರಿ’.

ಕನ್ನಡದಲ್ಲಿ ಈ ಕೆಲಸ ಪದಾಂತ್ಯದಲ್ಲಿ ನಡೆಯುತ್ತದೆ. 13ನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ವಿವರಿಸಿದ ‘ಗಳ್’ ಪ್ರತ್ಯಯವೇ ಇಂದಿನ ‘ಗಳು’. 1854ರಲ್ಲೇ ರೈಲು ಕಂಡ ಕಲ್ಯಾಣದಲ್ಲಿ ಮರಾಠಿಯವರ ‘ಗಾಡ್ಯಾ’ ನಮ್ಮ ಬಾಯಲ್ಲಿ ‘ಗಾಡಿಗಳು’. ಪದ ಒಂದೇ, ವ್ಯಾಕರಣ ಮೂರು.

ಎರವಲು ಪದಗಳಿಂದ ಮಕ್ಕಳ ಕನ್ನಡ ಕೆಡುತ್ತಿದೆಯೆಂದು ಹೊರನಾಡಿನಲ್ಲಿ ನಾವು ಕೊರಗುವುದುಂಟು. ಮಗು ‘ಬುಕ್ಕುಗಳು’ ಎಂದರೆ ಕನ್ನಡ ಇನ್ನೂ ದುಡಿಯುತ್ತಿದೆ ಎಂದರ್ಥ. ‘ಬುಕ್ಸ್’ ಎಂದಾಗ ಮಾತ್ರ ಎಚ್ಚರ ಬೇಕು: ಅತಿಥಿಯೊಡನೆ ಅವನ ಮನೆಯ ಕಟ್ಟಳೆಯೂ ಒಳಬಂದಿರುತ್ತದೆ.