ಉದ್ಯಾನದ ಅಡಿಯ ನೆಲ: ಬರ್ಕನ್‌ಹೆಡ್‌ನಿಂದ ಸೆಂಟ್ರಲ್ ಪಾರ್ಕ್‌ವರೆಗೆ

ನಗರೋದ್ಯಾನಗಳ ಚರಿತ್ರೆ ಹೆಚ್ಚಾಗಿ ವಿನ್ಯಾಸಕಾರರ ಚರಿತ್ರೆಯಾಗಿಯೇ ನಮ್ಮ ಮುಂದಿದೆ. ಕೆರೆ ತೋಡಿಸಿದವರು ಯಾರು, ಮರಗಳು ಬಂದದ್ದು ಯಾವ ದೇಶದಿಂದ ಎಂಬ ವಿವರಗಳಿಗೆ ಅದರಲ್ಲಿ ಕೊರತೆಯಿಲ್ಲ. ಆದರೆ ಆ ನೆಲ ಮೊದಲು ಯಾರದಾಗಿತ್ತು, ಅದಕ್ಕೆ ಹಣ ಕೊಟ್ಟವರು ಯಾರು ಎಂಬ ಪ್ರಶ್ನೆಗಳು ಹಿಂದುಳಿಯುತ್ತವೆ. ಇಂಗ್ಲೆಂಡಿನ ಬರ್ಕನ್‌ಹೆಡ್ ಪಾರ್ಕ್ ಮತ್ತು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ಗಳನ್ನು ಈ ಪ್ರಶ್ನೆಗಳ ಮೂಲಕ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಅಟ್ಲಾಂಟಿಕ್ ದಾಟಿ ಹೋದದ್ದು ಉದ್ಯಾನದ ಸೊಬಗಷ್ಟೇ ಅಲ್ಲ, ಅದನ್ನು ಸಾಧ್ಯವಾಗಿಸಿದ ಜಮೀನಿನ ಲೆಕ್ಕಾಚಾರವೂ ಹೌದು ಎಂಬುದು ಇಲ್ಲಿನ ವಾದ.

ಹಿನ್ನೆಲೆ

ಕೈಗಾರಿಕಾ ಕ್ರಾಂತಿ ಬ್ರಿಟನ್ನಿನ ಪಟ್ಟಣಗಳನ್ನು ಇಕ್ಕಟ್ಟಿಗೆ ತಳ್ಳಿತ್ತು. ದುಡಿಯುವ ಜನರಿಗೆ ಅಡ್ಡಾಡಲು ಬಯಲು ಬೇಕೆಂಬ ವಿಚಾರವನ್ನು ಪರಿಶೀಲಿಸಿ 1833ರಲ್ಲಿ ಸಂಸತ್ತಿನ ಸಮಿತಿಯೊಂದು ವರದಿ ಕೊಟ್ಟಿತು. 1840ರಲ್ಲಿ ಗಿರಣಿ ಮಾಲೀಕ ಜೋಸೆಫ್ ಸ್ಟ್ರಟ್ ಡರ್ಬಿ ಪಟ್ಟಣಕ್ಕೆ ಸಸ್ಯೋದ್ಯಾನವೊಂದನ್ನು ದಾನ ಮಾಡಿದ; ಅದನ್ನು ರೂಪಿಸಿದವನು ಜಾನ್ ಕ್ಲಾಡಿಯಸ್ ಲೌಡನ್. ಅಲ್ಲಿ ಉಚಿತ ಪ್ರವೇಶವಿದ್ದದ್ದು ವಾರದ ಕೆಲವು ಹೊತ್ತು ಮಾತ್ರ, ಉಳಿದಂತೆ ಕಾಸು ಕೊಡಬೇಕಿತ್ತು. ದಾನಿಯ ಔದಾರ್ಯವನ್ನು ನಂಬಿದ ಉದ್ಯಾನಕ್ಕೆ ಮಿತಿಗಳಿರುವುದು ಸಹಜ. ಊರೇ ತನ್ನ ಹಣದಿಂದ ಉದ್ಯಾನ ಮಾಡಿಕೊಳ್ಳುವ ದಾರಿಯನ್ನು ಇನ್ನೂ ಕಂಡುಕೊಳ್ಳಬೇಕಿತ್ತು.

ಬರ್ಕನ್‌ಹೆಡ್‌ನ ಪ್ರಯೋಗ

ಲಿವರ್‌ಪೂಲ್‌ನ ಎದುರು ದಡದಲ್ಲಿ, ಮರ್ಸಿ ನದಿಯ ಪಕ್ಕ ಬೆಳೆಯುತ್ತಿದ್ದ ಬರ್ಕನ್‌ಹೆಡ್ ಆ ದಾರಿ ತೋರಿಸಿತು. 1843ರ ಸಂಸತ್ ಕಾಯ್ದೆಯ ಬಲದಿಂದ ಊರಿನ ಆಡಳಿತ ಮಂಡಳಿ 226 ಎಕರೆ ಜಮೀನು ಕೊಂಡಿತು. ಸುಮಾರು 125 ಎಕರೆಯನ್ನು ಉದ್ಯಾನಕ್ಕೆ ಬಿಟ್ಟು, ಸುತ್ತಲಿನದನ್ನು ಮನೆ ನಿವೇಶನಗಳಾಗಿ ಮಾರುವುದು ಯೋಜನೆ. ಉದ್ಯಾನ ಬಂದರೆ ನಿವೇಶನಕ್ಕೆ ಬೆಲೆ ಬರುತ್ತದೆ, ಆ ಬೆಲೆ ಉದ್ಯಾನದ ಸಾಲ ತೀರಿಸುತ್ತದೆ. ಇದಕ್ಕಿಂತ ಮೊದಲು ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಯೋಜನೆಯಲ್ಲಿ ಜಾನ್ ನ್ಯಾಶ್ ಕೂಡ ಹಸಿರನ್ನೂ ಬಂಗಲೆಗಳನ್ನೂ ಒಟ್ಟಿಗೆ ಕಲ್ಪಿಸಿದ್ದ. ಅಲ್ಲಿ ಹಸಿರಿದ್ದದ್ದು ಬಂಗಲೆಗಳಿಗಾಗಿ. ಬರ್ಕನ್‌ಹೆಡ್‌ನಲ್ಲಿ ಬಂಗಲೆಗಳ ಹಣ ಎಲ್ಲರ ಹಸಿರಿಗಾಗಿ.

ವಿನ್ಯಾಸದ ಹೊಣೆ ಜೋಸೆಫ್ ಪ್ಯಾಕ್ಸ್‌ಟನ್‌ನದು. 1851ರ ಮಹಾಪ್ರದರ್ಶನಕ್ಕೆ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿದವನೂ ಇವನೇ. 1889ರಲ್ಲಿ ಅಡಿಗಲ್ಲು ಕಂಡ ನಮ್ಮ ಲಾಲ್‌ಬಾಗಿನ ಗಾಜಿನ ಮನೆ ಆ ಕಟ್ಟಡದ ಪರಂಪರೆಗೆ ಸೇರಿದ್ದು. ಬರ್ಕನ್‌ಹೆಡ್‌ನಲ್ಲಿ ಅವನಿಗೆ ಸಿಕ್ಕಿದ್ದು ಜೌಗು ನೆಲ. ನೀರು ಬಸಿದು, ಅಂಕುಡೊಂಕಿನ ಕೆರೆಗಳನ್ನು ತೋಡಿಸಿ, ತೆಗೆದ ಮಣ್ಣಿನಿಂದಲೇ ದಿಬ್ಬಗಳನ್ನು ಎಬ್ಬಿಸಿದ. ಗಾಡಿಗಳಿಗೊಂದು, ಕಾಲ್ನಡಿಗೆಗೊಂದು ದಾರಿ ಮಾಡಿದ. 1847ರ ಏಪ್ರಿಲ್ 5ರಂದು, ಊರಿನ ಹೊಸ ಹಡಗುಕಟ್ಟೆಯ ಉದ್ಘಾಟನೆಯ ದಿನವೇ, ಉದ್ಯಾನವೂ ತೆರೆಯಿತು.

ನ್ಯೂಯಾರ್ಕಿಗೆ ದಾಟಿದ ಮಾದರಿ

1850ರಲ್ಲಿ ಫ್ರೆಡ್ರಿಕ್ ಲಾ ಓಮ್‌ಸ್ಟೆಡ್ ಎಂಬ ಅಮೆರಿಕದ ಯುವ ಕೃಷಿಕ ಬರ್ಕನ್‌ಹೆಡ್‌ಗೆ ಬಂದ. ಸಿರಿವಂತರೂ ಬಡವರೂ ಒಂದೇ ಹುಲ್ಲುಹಾಸನ್ನು ಸಮಾನವಾಗಿ ಅನುಭವಿಸುವುದನ್ನು ಕಂಡು ಬೆರಗಾಗಿ, 1852ರ ತನ್ನ ಪ್ರವಾಸಕಥನದಲ್ಲಿ ಅದನ್ನು ದಾಖಲಿಸಿದ. 1858ರಲ್ಲಿ ಅವನೂ ಕ್ಯಾಲ್ವರ್ಟ್ ವಾಕ್ಸ್‌ನೂ ಸೇರಿ ರಚಿಸಿದ ನಕ್ಷೆ ಸೆಂಟ್ರಲ್ ಪಾರ್ಕ್ ಸ್ಪರ್ಧೆಯಲ್ಲಿ ಗೆದ್ದಿತು. ಪ್ಯಾಕ್ಸ್‌ಟನ್ ಬೇರ್ಪಡಿಸಿದ ದಾರಿಗಳ ತತ್ವ ಇಲ್ಲಿ ಇನ್ನಷ್ಟು ಬೆಳೆಯಿತು. ನಗರದ ಸಂಚಾರ ಉದ್ಯಾನವನ್ನು ಅಡ್ಡಹಾಯುವ ನಾಲ್ಕು ರಸ್ತೆಗಳನ್ನು ನೆಲಮಟ್ಟದಿಂದ ಕೆಳಗಿಳಿಸಿ, ಗಾಡಿಗಳು ನಡೆಯುವವರ ಕಣ್ಣಿಗೆ ಬೀಳದಂತೆ ಮಾಡಲಾಯಿತು.

ಲೆಕ್ಕಾಚಾರವೂ ಮುಂದುವರಿಯಿತು, ಬೇರೆ ರೂಪದಲ್ಲಿ. ಜಮೀನಿನ ಖರ್ಚಿನ ಸುಮಾರು ಮೂರನೇ ಒಂದು ಭಾಗವನ್ನು ನೆರೆಯ ಆಸ್ತಿದಾರರ ಮೇಲೆ ಹೇರಲಾಯಿತು. ಉದ್ಯಾನದಿಂದ ಅವರ ಆಸ್ತಿಯ ಬೆಲೆ ಏರುತ್ತದೆ ಎಂಬುದು ಅದಕ್ಕೆ ಕೊಟ್ಟ ಸಮರ್ಥನೆ. ಬರ್ಕನ್‌ಹೆಡ್‌ಗಿಂತ ಮುಖ್ಯವಾಗಿ ಬೇರೆಯಾದದ್ದು ಜಮೀನು ಸಿಕ್ಕ ಬಗೆ. 1853ರಲ್ಲಿ ರಾಜ್ಯ ಶಾಸನಸಭೆ ಕಡ್ಡಾಯ ಸ್ವಾಧೀನಕ್ಕೆ ಅನುಮತಿ ಕೊಟ್ಟಿತು. ಆ ಸ್ವಾಧೀನದ ಗಡಿಯೊಳಗೆ ಸೆನೆಕಾ ವಿಲೇಜ್ ಇತ್ತು. 1825ರಿಂದ ಕಪ್ಪು ಜನರು ನಿವೇಶನ ಕೊಂಡು ಕಟ್ಟಿಕೊಂಡ ಈ ಊರಿನಲ್ಲಿ ಚರ್ಚುಗಳಿದ್ದವು, ಶಾಲೆಯಿತ್ತು, ಮುಂದೆ ಬಂದು ನೆಲೆಸಿದ ಐರಿಷ್ ಕುಟುಂಬಗಳೂ ಇದ್ದವು. ಕಪ್ಪು ಗಂಡಸಿಗೆ ಮತದಾನದ ಹಕ್ಕು ಬೇಕಾದರೆ 250 ಡಾಲರಿನ ಆಸ್ತಿ ಇರಲೇಬೇಕೆಂಬ ನಿಯಮವಿದ್ದ ಕಾಲದಲ್ಲಿ ಅಲ್ಲಿನ ಒಂದು ತುಂಡು ನೆಲವೆಂದರೆ ಪೌರತ್ವದ ಬಾಗಿಲು. ಪತ್ರಿಕೆಗಳ ಕಣ್ಣಿಗೆ ಅದು ಅಕ್ರಮ ಗುಡಿಸಲುಗಳ ಜಾಗವಾಗಿ ಕಂಡಿತು. ಮಾಲೀಕರಿಗೆ ಪರಿಹಾರ ದೊರೆತರೂ ಹಲವರು ಅದು ಸಾಲದೆಂದು ತಕರಾರು ತೆಗೆದರು. 1857ರ ಹೊತ್ತಿಗೆ ಇನ್ನೂರಕ್ಕೂ ಹೆಚ್ಚು ಜನರಿದ್ದ ಊರು ತೆರವಾಗಿತ್ತು. ಉದ್ಯಾನದ ಇಡೀ ವ್ಯಾಪ್ತಿಯಲ್ಲಿ ನೆಲೆ ಕಳೆದುಕೊಂಡವರು ಸುಮಾರು 1,600 ಮಂದಿ. 2011ರ ಉತ್ಖನನ ಅಲ್ಲಿನ ಮನೆಯೊಂದರ ತಳಪಾಯದ ಕಲ್ಲುಗಳನ್ನೂ ಮನೆಬಳಕೆಯ ವಸ್ತುಗಳನ್ನೂ ಹೊರತೆಗೆದು, ಆ ಗುಡಿಸಲಿನ ಕಥೆ ಎಷ್ಟು ಪೊಳ್ಳೆಂದು ತೋರಿಸಿತು.

ಸಮಾರೋಪ

ಎಲ್ಲರಿಗೂ ತೆರೆದ ಹುಲ್ಲುಹಾಸು 19ನೆಯ ಶತಮಾನದ ದೊಡ್ಡ ಸಾಧನೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಏರುವ ಭೂಮಿಬೆಲೆಯನ್ನು ನೆಚ್ಚಿ ನಿಂತ ಉದ್ಯಾನಕ್ಕೆ ಸುತ್ತಲೂ ಸ್ಥಿತಿವಂತರೇ ಬೇಕಾಗುತ್ತಾರೆ. ಬರ್ಕನ್‌ಹೆಡ್ ಅದಕ್ಕಾಗಿ ನಿವೇಶನ ಹಂಚಿತು. ನ್ಯೂಯಾರ್ಕ್ ನೆಲೆಯೂರಿದ್ದವರನ್ನೇ ಎಬ್ಬಿಸಿತು. ಒಳಗೆ ಕಾಲಿಡುವವರೆಲ್ಲ ಸಮಾನರಾದರೂ ಬೇಲಿಯ ಹೊರಗೆ ಯಾರು ಮನೆಮಾಡಬಲ್ಲರು ಎಂಬುದನ್ನು ಮಾರುಕಟ್ಟೆಯೇ ತೀರ್ಮಾನಿಸಿತು. ಆದ್ದರಿಂದ ಉದ್ಯಾನಗಳ ಚರಿತ್ರೆ ಬರೆಯುವವರು ವಿನ್ಯಾಸದ ನಕ್ಷೆಯ ಜೊತೆಗೆ ಕ್ರಯಪತ್ರ, ತೆರಿಗೆ ದಾಖಲೆ, ಸ್ವಾಧೀನದ ಕಡತಗಳನ್ನೂ ಓದಬೇಕಾಗಿದೆ.