ನೀರು ಮಾರುವ ವಾಂಗ್‌ನ ಕೈಯಲ್ಲಿದ್ದ ಪುಸ್ತಕ

ಬ್ರೆಕ್ಟ್‌ನನ್ನು ಕನ್ನಡದಲ್ಲಿ ನೋಡಿದವರಿಗೆ ತಮಗೆ ಗೊತ್ತಿಲ್ಲದೆಯೇ ಒಬ್ಬ ಪ್ರಾಚೀನ ಚೀನೀ ಚಿಂತಕನ ಪರಿಚಯವಾಗಿರುತ್ತದೆ. ಅವನ ಹೆಸರು ಜ್ವಾಂಗ್ ಜಿ. ತಾವೊ ಪರಂಪರೆಯಲ್ಲಿ ಲಾವೊತ್ಸೆಯ ಪಕ್ಕದಲ್ಲೇ ಕೂರುವವನು. ನಮ್ಮ ರಂಗಚರ್ಚೆಗಳಲ್ಲಿ ಬ್ರೆಕ್ಟ್ ಎಂದೊಡನೆ ಮಾರ್ಕ್ಸ್ ಬರುತ್ತಾನೆ, ಹಾಡುಗಳು ಬರುತ್ತವೆ. ಜ್ವಾಂಗ್ ಜಿ ಬರುವುದು ಅಪರೂಪ.

ಯುರೋಪಿನ ನಾಟಕಕಾರರಲ್ಲಿ ಅವನ ರುಚಿಯನ್ನು ಮೊದಮೊದಲು ಕಂಡವನು ಆಸ್ಕರ್ ವೈಲ್ಡ್. ಹರ್ಬರ್ಟ್ ಗೈಲ್ಸ್ 1889ರಲ್ಲಿ ಜ್ವಾಂಗ್ ಜಿಯನ್ನು ಇಂಗ್ಲಿಷಿಗೆ ತಂದ; ಮರುವರ್ಷ ವೈಲ್ಡ್ ಅದಕ್ಕೆ ವಿಮರ್ಶೆ ಬರೆದ. ಏನೂ ಮಾಡದಿರುವುದು, ಯಾವ ಕೆಲಸಕ್ಕೂ ಬಾರದಿರುವುದು ಒಂದು ಗುಣವೆಂಬ ಮಾತು ಅವನಿಗೆ ಹೇಳಿ ಮಾಡಿಸಿದಂತಿತ್ತು. ಆದರೂ ಅವನ ನಾಟಕಗಳ ಸೋಮಾರಿ ಸಿರಿವಂತರನ್ನು ತಾವೊ ಸಾಧಕರೆನ್ನಲು ನನಗೆ ಮನಸ್ಸು ಬಾರದು. ಅವರ ಮನೆಯಲ್ಲಿ ಚಹಾ ತಂದುಕೊಡಲು ಆಳುಗಳಿದ್ದರು.

ಬೇರು ಗಟ್ಟಿಯಾಗಿ ಇಳಿದದ್ದು ಜರ್ಮನಿಯಲ್ಲಿ. ಮಾರ್ಟಿನ್ ಬೂಬರ್ 1910ರಲ್ಲಿ ಜ್ವಾಂಗ್ ಜಿಯ ಕಥೆಗಳ ಆಯ್ಕೆಯೊಂದನ್ನು ಹೊರತಂದ. 1911ರಲ್ಲಿ ರಿಚರ್ಡ್ ವಿಲ್‌ಹೆಲ್ಮ್ ಲಾವೊತ್ಸೆಯನ್ನೂ ಮರುವರ್ಷ ಜ್ವಾಂಗ್ ಜಿಯನ್ನೂ ಅನುವಾದಿಸಿದ. ಈ ವಿಲ್‌ಹೆಲ್ಮ್ ಚೀನಾಕ್ಕೆ ಹೋದದ್ದು ಮಿಷನರಿಯಾಗಿ. ಧರ್ಮಪ್ರಚಾರಕ್ಕೆ ಬಂದು 1894ರಲ್ಲಿ ನಮಗೆ ನಿಘಂಟು ಕೊಟ್ಟ ಕಿಟೆಲ್‌ನ ಜಾತಿಯವನೇ ಅವನೂ. ಬಲವಿಲ್ಲದವರ ಬಂಡಾಯವನ್ನು ಕುರಿತ ಆಲ್‌ಫ್ರೆಡ್ ಡೋಬ್ಲಿನ್‌ನ ಚೀನೀ ಕಾದಂಬರಿ ಬಂದದ್ದು ಮೊದಲ ಮಹಾಯುದ್ಧದ ನಡುವೆ. ಯುದ್ಧದಲ್ಲಿ ಸೋತ ದೇಶದ ತರುಣರಿಗೆ, ಗೆಲ್ಲುವ ಹಟವೇ ಕೇಡು ಎನ್ನುವ ತತ್ವ ಹಿಡಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಆ ತರುಣರಲ್ಲಿ ಬ್ರೆಕ್ಟ್ ಒಬ್ಬ. ಲಾವೊತ್ಸೆ ಅವನ ಕೈಗೆ ಸಿಕ್ಕಿದ್ದು 1920ರಲ್ಲಿ. ಹದಿನೆಂಟು ವರ್ಷಗಳ ಬಳಿಕ, ನಾಜಿಗಳಿಂದ ತಪ್ಪಿಸಿಕೊಂಡು ಡೆನ್ಮಾರ್ಕ್‌ನಲ್ಲಿದ್ದಾಗ, ದೇಶ ಬಿಟ್ಟು ಹೊರಟ ಲಾವೊತ್ಸೆಯ ಬಗ್ಗೆ ಕವಿತೆ ಬರೆದ. ಗಡಿಯಲ್ಲಿ ತಡೆದು ನಿಲ್ಲಿಸಿ, ನಿನ್ನ ಜ್ಞಾನವನ್ನು ಬರೆದುಕೊಟ್ಟು ಹೋಗು ಎಂದು ಕೇಳುವ ಸುಂಕದವನಿಗೂ ಅಲ್ಲಿ ಕೃತಜ್ಞತೆ ಸಲ್ಲುತ್ತದೆ. ಅದೇ ಕಾಲದಲ್ಲಿ ಶುರುವಾದ ನಾಟಕವೇ ಕೆ.ವಿ. ಸುಬ್ಬಣ್ಣ ಕನ್ನಡಕ್ಕೆ ತಂದ ‘ಸೆಜುವಾನ್ ನಗರದ ಸಾಧ್ವಿ’. ಅದರ ಮೊದಲ ಪ್ರದರ್ಶನ 1943ರಲ್ಲಿ, ಜೂರಿಕ್‌ನಲ್ಲಿ.

ಕಥೆ ಗೊತ್ತಿರುವುದೇ: ಮೂವರು ದೇವರು ಒಳ್ಳೆಯವರನ್ನು ಹುಡುಕಿ ಬರುತ್ತಾರೆ, ತಂಗಲು ಜಾಗ ಕೊಟ್ಟ ವೇಶ್ಯೆ ಶೆನ್ ತೆ ಅವರು ಕೊಟ್ಟ ಹಣದಿಂದ ತಂಬಾಕಿನ ಅಂಗಡಿ ಇಡುತ್ತಾಳೆ, ಬೇಡುವವರ ಕಾಟ ತಾಳಲಾರದೆ ಕಠೋರ ದಾಯಾದಿ ಶುಯಿ ತನ ವೇಷ ಹಾಕುತ್ತಾಳೆ. ಮಧ್ಯೆ ಒಂದು ಚಿಕ್ಕ ದೃಶ್ಯವಿದೆ. ನೀರು ಮಾರುವ ವಾಂಗ್ ಕನಸಿನಲ್ಲಿ ಒಂದು ಪುಸ್ತಕ ತೆರೆದು ದೇವರಿಗೆ ಓದಿ ಹೇಳುತ್ತಾನೆ. ಸುಂಗ್ ಎಂಬಲ್ಲಿ ಮರಗಳು ಸೊಂಪಾಗಿ ಬೆಳೆಯುತ್ತವೆ. ತೆಳುವಾಗಿದ್ದಾಗಲೇ ನಾಯಿಗೂಡಿನ ಸರಳಿಗೆಂದು ಕಡಿಯುತ್ತಾರೆ, ದಪ್ಪವಾದರೆ ಸಿರಿವಂತರ ಶವಪೆಟ್ಟಿಗೆಗೆ, ಇನ್ನೂ ದಪ್ಪವಾದರೆ ಬಂಗಲೆಯ ತೊಲೆಗೆ. ಯಾವ ಮರವೂ ತನ್ನ ಆಯುಷ್ಯ ಪೂರೈಸುವುದಿಲ್ಲ. ಇದು ಜ್ವಾಂಗ್ ಜಿಯ ನಾಲ್ಕನೇ ಅಧ್ಯಾಯದಿಂದ ಬಂದದ್ದು.

ಬ್ರೆಕ್ಟ್ ಇಲ್ಲಿ ಮಾಡಿದ ಬದಲಾವಣೆ ದೊಡ್ಡದು. ಹಾಗಾದರೆ ಕೆಲಸಕ್ಕೆ ಬಾರದವನಾಗಿ ಬದುಕಿಕೋ ಎನ್ನುವುದು ಜ್ವಾಂಗ್ ಜಿಯ ದಾರಿ. ಅಂಗಡಿ ಬಾಡಿಗೆ ಕಟ್ಟಬೇಕಾದ, ಹೊಟ್ಟೆಯಲ್ಲಿ ಕೂಸಿರುವ ಶೆನ್ ತೆಗೆ ಆ ದಾರಿ ಇಲ್ಲ. ತಾವೊ ಕೊಟ್ಟ ನಿದಾನವನ್ನು ಒಪ್ಪಿಕೊಂಡು ಮದ್ದನ್ನು ನಿರಾಕರಿಸಿದ್ದರಿಂದಲೇ ಈ ನಾಟಕಕ್ಕೆ ಉತ್ತರವಿಲ್ಲದ ಕೊನೆ ಬಂತು. ಪಶ್ಚಿಮದ ರಂಗಭೂಮಿ ತಾವೊದಿಂದ ಪಡೆದದ್ದರಲ್ಲಿ ನನ್ನ ಲೆಕ್ಕಕ್ಕೆ ಇದೇ ಮೇಲು.

ಅಮೆರಿಕದಲ್ಲಿ ಯೂಜೀನ್ ಓನೀಲ್ ಇದ್ದ. 1928ರಲ್ಲಿ ರಂಗಕ್ಕೆ ಬಂದ ‘ಮಾರ್ಕೊ ಮಿಲಿಯನ್ಸ್’ನಲ್ಲಿ ಚೀನಾದ ವಿವೇಕದ ಎದುರು ವ್ಯಾಪಾರಿ ಮಾರ್ಕೊ ಪೋಲೊನನ್ನು ನಿಲ್ಲಿಸಿ ನಕ್ಕ. ಕ್ಯಾಲಿಫೋರ್ನಿಯದ ಡ್ಯಾನ್‌ವಿಲ್‌ನಲ್ಲಿ ಕಟ್ಟಿಸಿದ ಮನೆಗೆ ‘ತಾವೊ ಹೌಸ್’ ಎಂದೇ ಹೆಸರಿಟ್ಟ. ‘ಲಾಂಗ್ ಡೇಸ್ ಜರ್ನಿ ಇಂಟು ನೈಟ್’ ಬರೆದದ್ದು ಅಲ್ಲೇ. ಆದರೆ ಆ ನಾಟಕದ ಮನೆಯೊಳಗೆ ತಾವೊದ ನೆಮ್ಮದಿ ಒಂದು ಚಿಟಿಕೆಯೂ ಇಲ್ಲ. ಮುಂದೆ 1951ರಲ್ಲಿ ಜಾನ್ ಕೇಜ್ ಚೀನಾದ ‘ಈ ಜಿಂಗ್’ ಶಕುನಗ್ರಂಥ ಹಿಡಿದು ಸಂಗೀತ ಹೆಣೆದ. ಮರುವರ್ಷ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ಅವನು ಏರ್ಪಡಿಸಿದ ಕಟ್ಟುಪಾಡಿಲ್ಲದ ಪ್ರಯೋಗದಿಂದ ‘ಹ್ಯಾಪನಿಂಗ್’ ಎಂಬ ಪ್ರಕಾರಕ್ಕೆ ದಾರಿಯಾಯಿತು. ಅಲ್ಲಿ ಝೆನ್‌ನ ಪಾಲೂ ದೊಡ್ಡದು. ಬೆಕೆಟ್‌ನ ಗೋಡೋನನ್ನೂ ತಾವೊ ಖಾತೆಗೆ ಸೇರಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಲ್ಲಮನ ಬಯಲಿಗೂ ಲಾವೊತ್ಸೆಯ ಶೂನ್ಯಕ್ಕೂ ಹೋಲಿಕೆ ಕಂಡಂತೆಯೇ ಇದೂ. ಹೋಲಿಕೆ ಇದ್ದಲ್ಲೆಲ್ಲ ಪ್ರಭಾವ ಇರಬೇಕೆಂದಿಲ್ಲ.

ನಮ್ಮಲ್ಲಿಗೆ ತಾವೊ ಬಂದದ್ದು ಎರಡು ದಾರಿಯಲ್ಲಿ. ವೈಮಾರ್‌ನ ನಿರ್ದೇಶಕ ಫ್ರಿಟ್ಸ್ ಬೆನೆವಿಟ್ಸ್ 1970ರಿಂದ ಭಾರತದ ಹಲವು ಭಾಷೆಗಳಲ್ಲಿ ಬ್ರೆಕ್ಟ್‌ನನ್ನು ಆಡಿಸಿದ. ಕನ್ನಡದಲ್ಲಿ ಸುಬ್ಬಣ್ಣನವರ ಅನುವಾದಗಳು ಬಂದವು. ಇನ್ನೊಂದು ಕಡೆಯಿಂದ ಯು.ಆರ್. ಅನಂತಮೂರ್ತಿ ಲಾವೊತ್ಸೆಯನ್ನೇ ‘ದಾವ್ ದ ಜಿಂಗ್’ ಎಂದು ಕನ್ನಡಕ್ಕೆ ತಂದರು. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದ ರಂಗಪ್ರಯೋಗವನ್ನು ನಾನು ಕಂಡಿಲ್ಲ.

ಅದಕ್ಕೆ ತಕ್ಕ ಜಾಗ ಬೆಂಗಳೂರಿನ ಪೂರ್ವದಲ್ಲೇ ಇದೆ. ಜರ್ಮನ್ ಸಂಸ್ಕೃತಿಯ ಕೇಂದ್ರವಾದ ಮ್ಯಾಕ್ಸ್‌ಮುಲ್ಲರ್ ಭವನ ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿದೆ, ಹಲಸೂರಿನಿಂದ ಕೂಗಳತೆಯಲ್ಲಿ. ಕನ್ನಡ ತಂಡಗಳು ಅಲ್ಲಿ ‘ಸಾಧ್ವಿ’ಯನ್ನು ಮತ್ತೆ ಆಡಲಿ. ಆಡುವಾಗ, ಹೊತ್ತು ಮೀರುತ್ತದೆಂದು ವಾಂಗ್ ಪುಸ್ತಕ ಓದುವ ದೃಶ್ಯಕ್ಕೆ ಮಾತ್ರ ದಯವಿಟ್ಟು ಕತ್ತರಿ ಹಾಕಬೇಡಿ.